ಶಾಪವಿಲ್ಲದ ಪತನ

ಮಹಾಭಾರತದ ದುಷ್ಯಂತನು ಶಕುಂತಲೆಯನ್ನು ಗುರುತಿಸಿಯೂ ಗುರುತಿಸದವನಂತೆ ನುಡಿದನು. ಕಾಲಿದಾಸನ ದುಷ್ಯಂತನು ಮರೆತು ನುಡಿದನು. ಇವರಿಬ್ಬರ ನಡುವೆ ನಿಂತಿರುವದು ದುರ್ವಾಸರ ಶಾಪವೊಂದೇ. ಮೂಲಕಥೆಯಲ್ಲಿಲ್ಲದ ಆ ಶಾಪವನ್ನು ಕವಿಯು ಕಲ್ಪಿಸಿದ್ದರಿಂದ ನಾಯಕನ ಶೀಲವು ಉಳಿಯಿತು. ರಸಕ್ಕೆ ಬರಬಹುದಾಗಿದ್ದ ಭಂಗವೂ ತಪ್ಪಿತು. ಕುಂತಕನು ತನ್ನ ವಕ್ರೋಕ್ತಿಜೀವಿತದಲ್ಲಿ ಈ ಕಲ್ಪನೆಯನ್ನು ಎತ್ತಿ ಹೊಗಳಿರುವದು ಯೋಗ್ಯವೇ ಆಗಿದೆ. ಆದರೆ ಅಂದಿನಿಂದ ರಸಿಕರಿಗೆ ಒಂದು ರೂಢಿ ಬಿದ್ದಂತೆ ತೋರುತ್ತದೆ. ತಾವು ಮೆಚ್ಚಿದ ನಾಯಕನು ಜಾರಿದನೆಂದು ಕಂಡೊಡನೆ ಅವರು ಅವನ ಕಾಲನ್ನು ನೋಡುವದಿಲ್ಲ. ಅವನನ್ನು ನೂಕಿದ ಕೈ ಯಾವದೆಂದು ಹುಡುಕುವರು.

ಅಮೇರಿಕೆಯ ‘ಬೆಟರ್ ಕಾಲ್ ಸಾಲ್’ ಎಂಬ ದೂರದರ್ಶನ ಧಾರಾವಾಹಿಯನ್ನು ಕುರಿತು ಅದರ ಅಭಿಮಾನಿಗಳು ಏಳು ವರ್ಷ ನಡೆಯಿಸಿದ ಚರ್ಚೆಯು ಇಂತಹದೇ ಒಂದು ಹುಡುಕಾಟವಾಗಿದ್ದಿತು. 2015ರ ಫೆಬ್ರುವರಿಯಿಂದ 2022ರ ಆಗಸ್ಟ್‌ವರೆಗೆ ಆರು ಭಾಗಗಳಾಗಿ, 63 ಕಂತುಗಳಲ್ಲಿ ಅದು ಪ್ರಸಾರವಾಯಿತು. ವಿನ್ಸ್ ಗಿಲಿಗನ್ ಮತ್ತು ಪೀಟರ್ ಗೌಲ್ಡ್ ಇದರ ಕರ್ತೃಗಳು. ನಾಯಕನಾದ ವಕೀಲನ ಪಾತ್ರವನ್ನು ವಹಿಸಿದವನು ಬಾಬ್ ಓಡನ್‌ಕರ್ಕ್. ಇದು ಸ್ವತಂತ್ರ ಕಥೆಯಲ್ಲ. ಇದಕ್ಕೂ ಮುಂಚೆ 2008ರಿಂದ 2013ರ ವರೆಗೆ ನಡೆದ ‘ಬ್ರೇಕಿಂಗ್ ಬ್ಯಾಡ್’ ಎಂಬ ಧಾರಾವಾಹಿಯಲ್ಲಿ ಸಾಲ್ ಗುಡ್‌ಮನ್ ಎಂಬ ವಕೀಲನು 2009ರಲ್ಲಿ ವಿದೂಷಕಪ್ರಾಯನಾಗಿ ಪ್ರವೇಶಿಸಿದನು. ಮಾದಕದ್ರವ್ಯ ತಯಾರಿಸುವವರಿಗೆ ಕಾಯದೆಯ ಸಂದುಗೊಂದುಗಳನ್ನು ತೋರಿಸಿಕೊಡುವದೇ ಅವನ ಉದ್ಯೋಗ. (ಆ ಮೊದಲ ಕಥೆಯ ನಾಯಕನು ರಸಾಯನಶಾಸ್ತ್ರ ಕಲಿಸುವ ಒಬ್ಬ ಶಾಲಾಮಾಸ್ತರನೆಂಬದನ್ನು ಓದಿ ಅಧ್ಯಾಪಕವರ್ಗದ ವಾಚಕರಿಗೆ ಸಂಕೋಚವಾದರೆ ಆಶ್ಚರ್ಯವಿಲ್ಲ.) ಈ ವಿದೂಷಕನು ಹಿಂದೆ ಏನಾಗಿದ್ದನು, ಯಾವ ದಾರಿಯಿಂದ ಇಲ್ಲಿಗೆ ಬಂದನು ಎಂಬದೇ ಕವಲುಕಥೆಯ ವಸ್ತು. ನೆಟ್‌ಫ್ಲಿಕ್ಸ್ ಮುಖಾಂತರ ಅದು ಬಾಗಲಕೋಟೆಯ ನವನಗರಕ್ಕೂ ಹುನಗುಂದ ಬಾದಾಮಿಗಳ ಓಣಿಗಳಿಗೂ ಎಟುಕುವಂತಾಗಿದೆ. ಪರದೇಶದ ಆಟವೆಂದು ಮನೆಯ ಹಿರಿಯರು ಅದಕ್ಕೆ ಬೆನ್ನು ತಿರುಗಿಸಬೇಕಾದ ಕಾರಣವಿಲ್ಲ.

ಏಕೆಂದರೆ ಒಂದು ಕಾವ್ಯದ ಎಳೆಯನ್ನು ಹಿರಿದು ಇನ್ನೊಂದು ಕಾವ್ಯವನ್ನು ನೆಯ್ಯುವದು ಈ ಜಿಲ್ಲೆಯ ಹಳೆಯ ವಿದ್ಯೆಯಾಗಿದೆ. ಮುದುವೊಳಲು, ಎಂದರೆ ಇಂದಿನ ಮುಧೋಳ. ಅಲ್ಲಿಯ ಬಳೆಗಾರರ ಮನೆಯಲ್ಲಿ 949ರಲ್ಲಿ ಹುಟ್ಟಿದ ರನ್ನನು ಮಾಡಿದ್ದು ಇದನ್ನೇ. ಪಂಪನು ತನ್ನ ಭಾರತದ ಹದಿಮೂರನೆಯ ಆಶ್ವಾಸದಲ್ಲಿ ಹೇಳಿ ಮುಗಿಸಿದ್ದನ್ನು ರನ್ನನು ಹತ್ತು ಆಶ್ವಾಸಗಳ ಗದಾಯುದ್ಧವಾಗಿ ಬೆಳೆಯಿಸಿ, ಹಿಂದೆ ನಡೆದುದನ್ನೆಲ್ಲ ಸಿಂಹಾವಲೋಕನಕ್ರಮದಿಂದ ಒಳಗೆ ತಂದನು. ಕೇಳುವವನಿಗೆ ಕೊನೆಯು ಮೊದಲೇ ಗೊತ್ತು: ತೊಡೆ ಮುರಿಯಲೇಬೇಕು. ಸಾಲ್‌ನ ಕಥೆಯೂ ಅಂತಹದು. ಇಲಕಲ್ಲದ ನೇಕಾರನು ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆಯಾಗಿ ಮಾಡಿಕೊಂಡು, ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುವನು. ಸೆರಗು ಹೇಗಿರುವದೆಂದು ಕೊಳ್ಳಬಂದ ಹೆಂಗಸಿಗೂ ಗೊತ್ತು. ಆದರೂ ಅವಳು ಸೀರೆಯನ್ನು ಬಿಚ್ಚಿಸಿ ಆ ಕೂಡುಗೆಯ ಮೇಲೆ ಬೆರಳಾಡಿಸಿ ನೋಡುವಳು. ಅಭಿಮಾನಿಗಳ ಏಳು ವರ್ಷದ ಊಹೆಗಳೆಲ್ಲ ಹೀಗೆ ಕೊಂಡಿಯ ಮೇಲೆ ಆಡಿದ ಬೆರಳುಗಳು.

ಕಥೆ ಮೊದಲಾಗುವದು 2002ರಲ್ಲಿ, ನ್ಯೂ ಮೆಕ್ಸಿಕೊದ ಆಲ್ಬುಕರ್ಕಿ ಎಂಬ ಊರಲ್ಲಿ. ಆಗ ಅವನ ಹೆಸರು ಜಿಮ್ಮಿ ಮೆಕ್‌ಗಿಲ್. ಯೌವನದಲ್ಲಿ ಸಣ್ಣಪುಟ್ಟ ಮೋಸಗಳಿಂದ ಹೊಟ್ಟೆ ಹೊರೆದು, ಅಣ್ಣನ ದಯೆಯಿಂದ ಸೆರೆ ತಪ್ಪಿಸಿಕೊಂಡು, ಅಣ್ಣನು ಪಾಲುದಾರನಾಗಿದ್ದ ವಕೀಲಿಸಂಸ್ಥೆಯ ಟಪಾಲುಕೋಣೆಯಲ್ಲಿ ದುಡಿಯುತ್ತ, ಅಣ್ಣನಿಗೆ ತಿಳಿಸದೆಯೇ ಅಂಚೆಯ ಮೂಲಕ ಕಾಯದೆ ಕಲಿತು ಸನದು ಪಡೆದವನು. ಇವನು ಯಾವ ದಿನ ಕೆಟ್ಟನು? ತಂದೆಯ ಅಂಗಡಿಗೆ ಬಂದ ಠಕ್ಕನೊಬ್ಬನು ಲೋಕದಲ್ಲಿ ತೋಳಗಳೂ ಕುರಿಗಳೂ ಎರಡೇ ಜಾತಿಯೆಂದು ಹೇಳಿದಾಗ, ಹುಡುಗನು ಗಲ್ಲೆಯಲ್ಲಿ ಕೈಯಿಕ್ಕಿದನಲ್ಲ, ಆ ದಿನವೇ ಎಂದು ಕೆಲವರು. ಅಣ್ಣನ ವಂಚನೆ ತಿಳಿದ ದಿನವೆಂದು ಹಲವರು. ಅಣ್ಣನು ಸತ್ತ ದಿನ, ಹೆಸರು ಬದಲಿಸಿದ ದಿನ, ಕಿಮ್ ಬಿಟ್ಟುಹೋದ ದಿನ ಎಂದು ಮತ್ತುಳಿದವರು. ಬಾದಾಮಿಯ ಬಂಡೆಯ ಮೇಲೆ ಸುಮಾರು 700ರಲ್ಲಿ ಕೊರೆದ ಕಪ್ಪೆ ಅರಭಟ್ಟನ ಶಾಸನವು ಸಜ್ಜನರ ಪಾಲಿಗೆ ಅವನೆಂತಹನು, ಕೇಡಿಗರ ಪಾಲಿಗೆ ಎಂತಹನು ಎಂಬದನ್ನು ಕೆಲವೇ ತ್ರಿಪದಿಗಳಲ್ಲಿ ತೀರ್ಮಾನಿಸಿಬಿಡುತ್ತದೆ. ಕಲ್ಲಿನ ಮೇಲಿನ ಶೀಲಕ್ಕೆ ತಾರೀಖು ಬೇಕಿಲ್ಲ. ಧಾರಾವಾಹಿಯ ರಸಿಕನಿಗೆ ಮಾತ್ರ ತಾರೀಖು ಬೇಕು; ಕಂತಿನ ಅಂಕಿಯೂ ಬೇಕು.

ಈ ಶಾಪಗಳಲ್ಲೆಲ್ಲ ಬಲವಾದದ್ದು ಅಣ್ಣನೇ. ಚಕ್ ಎಂಬ ಈ ಅಣ್ಣನು ಮಹಾವಿದ್ವಾಂಸ. ಕಾಯದೆಯು ಅವನಿಗೆ ವೃತ್ತಿಯಲ್ಲ, ಶ್ರುತಿ. ವಿದ್ಯುಚ್ಛಕ್ತಿಯಿಂದ ತನ್ನ ಮೈಗೆ ನೋವಾಗುತ್ತದೆಂಬ ಮನೋರೋಗದಿಂದ ಅವನು ದೀಪವಿಲ್ಲದ ಮನೆಯಲ್ಲಿ ಕುಳಿತಿರುವನು. ತಮ್ಮನು ದಿನವೂ ಬರ್ಫ, ದಿನಸಿ, ವರ್ತಮಾನಪತ್ರಗಳನ್ನು ತಂದು ಕೊಟ್ಟು ಅವನನ್ನು ಸಾಕುವನು. ಅದೇ ಅಣ್ಣನು ತಮ್ಮನಿಗೆ ತನ್ನ ಸಂಸ್ಥೆಯಲ್ಲಿ ವಕೀಲನ ಕೆಲಸ ಸಿಗದಂತೆ ಹೌವರ್ಡ್ ಎಂಬ ಪಾಲುದಾರನನ್ನು ಮುಂದಿಟ್ಟುಕೊಂಡು ಮರೆಯಲ್ಲಿ ತಡೆದಿದ್ದನು. ತಾಯಿಯ ಮರಣದ ಪ್ರಸಂಗವು ಇದಕ್ಕಿಂತ ಕಠೋರವಾಗಿದೆ. ಜಿಮ್ಮಿ ತಿಂಡಿ ತರಲು ಹೊರಗೆ ಹೋದಾಗ ತಾಯಿ ಎಚ್ಚತ್ತು ಅವನ ಹೆಸರನ್ನೇ ಕರೆದು ಪ್ರಾಣ ಬಿಡುವಳು. ಹಾಸಿಗೆಯ ಬಳಿ ಇದ್ದ ಹಿರಿಯ ಮಗನು, ಅವಳು ಏನೂ ಅನ್ನಲಿಲ್ಲವೆಂದು ತಮ್ಮನಿಗೆ ಹೇಳುವನು. ಇಬ್ಬರು ಮಕ್ಕಳಿರುವ ಮನೆಯಲ್ಲಿ ಇದನ್ನು ಸುಮ್ಮನೆ ಕುಳಿತು ನೋಡುವದು ಕಷ್ಟ. ಮನೆಯ ಮಾನವನ್ನು ಹೊತ್ತವನು ಹಿರಿಯ. ತಾಯಿಯ ಬಾಯಲ್ಲಿ ಬಂದದ್ದು ಕಿರಿಯನ ಹೆಸರು.

ಇಷ್ಟಾದರೂ ತಮ್ಮನ ವಿಷಯದಲ್ಲಿ ಅಣ್ಣನು ಹೇಳಿದ್ದು ಸುಳ್ಳಲ್ಲವೆಂಬದೇ ಈ ಕೃತಿಯ ಬಲ. ಇವನ ಕೈಗೆ ಕಾಯದೆಯನ್ನು ಕೊಡಬಾರದೆಂದು ಅವನು ಅಂಜಿದ್ದನು, ಹಾಗೆಯೇ ಆಯಿತು. ತೀರ್ಪು ಸರಿ, ತೀರ್ಪು ಕೊಟ್ಟವನ ಮನಸ್ಸು ಸರಿಯಲ್ಲ. ಅಭಿಮಾನಿಗಳು ಎರಡನೆಯದನ್ನು ಹಿಡಿದುಕೊಂಡು ಮೊದಲನೆಯದನ್ನು ಕೈಬಿಟ್ಟರು. ಶಾಪವೆಂಬದು ಅರಿವನ್ನು ಕಳೆಯಬೇಕು. ದುಷ್ಯಂತನಿಗೆ ಅರಿವಿರಲಿಲ್ಲ, ಆದುದರಿಂದಲೇ ಉಂಗುರ ಸಿಕ್ಕೊಡನೆ ಅವನು ಅಳಬಲ್ಲನು. ಜಿಮ್ಮಿಗೆ ಪ್ರತಿಯೊಂದು ಸಾರೆಯೂ ಅರಿವಿದ್ದಿತು. ಕಿಮ್‌ಳಿಗೆ ದೊಡ್ಡ ಪಕ್ಷಕಾರರೊಬ್ಬರನ್ನು ದೊರಕಿಸಲು ಅವನು ಅಣ್ಣನ ಕಾಗದಪತ್ರಗಳಲ್ಲಿ 1261 ಎಂಬ ಮನೆಯಂಕಿಯನ್ನು 1216 ಎಂದು ತಿದ್ದಿದನು. ಇಡಿಯ ರಾತ್ರಿ ಕತ್ತರಿ ಅಂಟುಗಳನ್ನು ಹಿಡಿದು ಶ್ರದ್ಧೆಯಿಂದ ಮಾಡಿದ ಕೆಲಸವದು.

ಬಾಗಲಕೋಟೆಯ ಕಡೆಯ ಮನೆತನಗಳಿಗೆ ವಕೀಲನ ಮಾತಿನ ಬೆಲೆಯನ್ನು ಯಾರೂ ಕಲಿಸಬೇಕಾಗಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಹೊಲಮನೆಗಳನ್ನು ಬಿಟ್ಟುಕೊಟ್ಟವರು ಹೆಚ್ಚಿನ ಪರಿಹಾರಕ್ಕಾಗಿ ಕೋರ್ಟಿನ ಮೆಟ್ಟಿಲು ಹತ್ತಿ ವರ್ಷಗಟ್ಟಲೆ ಕಾಯ್ದುದುಂಟು. ಓದು ಬಾರದ ಮುದುಕಿಯು ಹೆಬ್ಬೆಟ್ಟು ಒತ್ತುವಾಗ ಅವಳು ನಂಬುವದು ಕಾಗದವನ್ನಲ್ಲ, ಎದುರಿಗೆ ಕುಳಿತ ವಕೀಲನ ಮುಖವನ್ನು. ಜಿಮ್ಮಿಯದು ಅಂತಹ ನಂಬುಗೆಯ ಮುಖ. ವೃದ್ಧಾಶ್ರಮವೊಂದು ತನ್ನಲ್ಲಿರುವ ಮುದುಕರಿಂದ ಹೆಚ್ಚು ಹಣ ಕೀಳುತ್ತಿರುವದನ್ನು ಪತ್ತೆ ಹಚ್ಚಿ ಖಟ್ಲೆ ಎಬ್ಬಿಸಿದವನು ಅವನೇ. ಆ ಕೆಲಸದಲ್ಲಿ ಅವನ ಕರುಣೆಯೂ ನಿಜವಾದದ್ದು. ಮುಂದೆ ಅದೇ ಖಟ್ಲೆಯು ಬೇಗನೆ ರಾಜಿಯಾದರೆ ತನ್ನ ಪಾಲಿನ ಹಣ ಕೈಗೆ ಬರುವದೆಂದು, ರಾಜಿಗೆ ಅವಸರಪಡದ ಐರೀನ್ ಎಂಬ ಮುದುಕಿಯ ಮೇಲೆ ಅವಳ ಗೆಳತಿಯರಿಗೆ ಸಂಶಯ ಹುಟ್ಟಿಸಿ ಅವಳನ್ನು ಒಂಟಿ ಮಾಡುವನು. ಆಮೇಲೆ ಪಶ್ಚಾತ್ತಾಪಪಟ್ಟು, ತನ್ನ ಕುತಂತ್ರವು ಎಲ್ಲರ ಕಿವಿಗೂ ಬೀಳುವಂತೆ ತಾನೇ ಬಯಲಿಗಿಟ್ಟು, ಮುದುಕರ ವಿಶ್ವಾಸವನ್ನೂ ಅದರೊಡನೆ ತನ್ನ ವೃತ್ತಿಯ ಆ ಭಾಗವನ್ನೂ ಕಳೆದುಕೊಳ್ಳುವನು. ಹಿಂದಿರುಗುವ ದಾರಿಯಿರಲಿಲ್ಲವೆಂದು ವಾದಿಸುವವರು ಈ ಕಂತನ್ನು ಇನ್ನೊಮ್ಮೆ ನೋಡಬೇಕು. ದಾರಿಯಿದ್ದಿತು, ಅವನು ಅದರ ಮೇಲೆ ನಡೆದೂ ನೋಡಿದನು. ಅದೇ ಕಂತಿನ ಕೊನೆಯಲ್ಲಿ ಚಕ್ ತನ್ನ ಮನೆಯ ಲಾಂದ್ರವನ್ನು ಒದ್ದು ಉರುಳಿಸಿ ಬೆಂಕಿಯಲ್ಲಿ ಸಾಯುವನು.

ಪತನದ ಸ್ಥಾನವನ್ನು ತೋರಿಸಲೇಬೇಕೆಂದರೆ ಅದು ನಾಲ್ಕನೆಯ ಭಾಗದ ಕೊನೆಯ ಕಂತು, ಅದು 2018ರದು. ಅಮಾನತಾಗಿದ್ದ ಸನದನ್ನು ಮರಳಿ ಪಡೆಯಲು ಜಿಮ್ಮಿ ಸಮಿತಿಯ ಮುಂದೆ ನಿಲ್ಲುವನು. ಸತ್ತ ಅಣ್ಣನ ಪತ್ರವನ್ನು ಓದತೊಡಗಿ, ನಡುವೆಯೇ ನಿಲ್ಲಿಸಿ, ಪತ್ರವನ್ನು ಬದಿಗಿಟ್ಟು ಅಣ್ಣನ ವಿಷಯವಾಗಿ ತಾನೇ ಮಾತಾಡುವನು. ಕಂಠ ಗದ್ಗದವಾಗುವದು. ಸಮಿತಿಯವರು ಕರಗುವರು, ಹಿಂದೆ ಕುಳಿತ ಕಿಮ್ ಕಣ್ಣೊರೆಸಿಕೊಳ್ಳುವಳು, ಪ್ರೇಕ್ಷಕನೂ ಕಣ್ಣೊರೆಸಿಕೊಳ್ಳುವನು. ಹೊರಗೆ ಬಂದೊಡನೆ ಅವನು, ಹೇಗೆ ನಂಬಿಬಿಟ್ಟರೆಂದು ಕುಣಿಯುತ್ತ, ಬೇರೊಂದು ಹೆಸರಿನಿಂದ ವಕೀಲಿ ಮಾಡಲು ಬೇಕಾದ ಅರ್ಜಿಯನ್ನು ಕೇಳುವನು. ಆ ಕ್ಷಣದಲ್ಲಿ ಕಿಮ್‌ಳ ಪಾತ್ರ ವಹಿಸಿದ ರೀ ಸೀಹಾರ್ನ್‌ಳ ಮುಖದ ಮೇಲೆ ಹಾದುಹೋಗುವದನ್ನು ಶಬ್ದದಲ್ಲಿ ಹೇಳಲಾಗದು.

ಆ ಕಣ್ಣೀರು ಸುಳ್ಳೋ ನಿಜವೋ ಎಂದು ಅಭಿಮಾನಿಗಳು ಎರಡು ಪಕ್ಷವಾದರು. ಪ್ರಶ್ನೆಯೇ ತಪ್ಪಾಗಿದೆ. ಹಿಂದೊಮ್ಮೆ ವಿಮಾಸಂಸ್ಥೆಯ ಕಚೇರಿಯಲ್ಲಿ ಸುಳ್ಳೇ ಅತ್ತು, ಅಣ್ಣನ ಮನೋರೋಗದ ಸುದ್ದಿಯನ್ನು ಅವರ ಕಿವಿಗೆ ಹಾಕಿದವನು ಇವನು. ಅದು ಸಾಮಾನ್ಯ ಠಕ್ಕುತನ. ಸಮಿತಿಯ ಮುಂದಿನದು ನಿಜವಾದ ದುಃಖ. ನಿಜವಾದುದನ್ನೇ ಅವನು ಸಾಧನವಾಗಿ ಮಾಡಿಕೊಂಡನು. ಕರುಣರಸದಲ್ಲಿ ಅಳುವ ಸಹೃದಯನಿಗೆ ಆ ಅಳುವಿನಿಂದ ಲಾಭವಿಲ್ಲ; ಲಾಭವಿಲ್ಲದ್ದರಿಂದಲೇ ಅದು ರಸ. ಶೋಕವನ್ನು ಶ್ಲೋಕವಾಗಿಸಿದ್ದು ವಾಲ್ಮೀಕಿಯ ಕರ್ಮ. ಶೋಕವನ್ನು ಸನದಾಗಿಸಿಕೊಂಡದ್ದು ಈ ವಕೀಲನ ಕರ್ಮ. ಅವನೊಡನೆ ಅತ್ತ ಪ್ರೇಕ್ಷಕನು ಮೋಸಹೋದೆನೆಂದು ನಾಚಿಕೊಂಡನು. ಆ ನಾಚಿಕೆಯನ್ನು ಮರೆಯಿಸಲೆಂದೇ ಚಕ್‌ನನ್ನು ದೂರುವದು ಹೆಚ್ಚಾಯಿತೆಂದು ತೋರುತ್ತದೆ.

ಕೃತಿಯಲ್ಲಿ ದೋಷಗಳಿಲ್ಲದಿಲ್ಲ. ಮಾದಕದ್ರವ್ಯದ ವ್ಯಾಪಾರಿಗಳ ಕಥೆಯು ಹಳೆಯ ಧಾರಾವಾಹಿಯ ಋಣವನ್ನು ತೀರಿಸಲು ಬಂದದ್ದು. ಸುರಂಗ, ಬಂದೂಕು, ಮೌನವಾಗಿ ಕಾಯುವ ಗಂಡಸರು ಇವೆಲ್ಲ ಅಂದವಾಗಿ ಚಿತ್ರಿತವಾಗಿದ್ದರೂ ವಕೀಲನ ಕಥೆಯಿಂದ ಗಂಟೆಗಟ್ಟಲೆ ಕಾಲವನ್ನು ಕದಿಯುತ್ತವೆ. ಅಂಗಿಯನ್ನು ಪ್ರಧಾನಗೊಳಿಸದೆ ಅಂಗವನ್ನು ಬೆಳೆಯಿಸುವ ಈ ದೋಷವು ಹಳೆಯ ಅಲಂಕಾರಿಕರಿಗೆ ಪರಿಚಿತವೇ. (53 ಬಾರಿ ಎಮ್ಮಿ ಪಾರಿತೋಷಕಕ್ಕೆ ಹೆಸರು ಸೂಚಿತವಾಗಿ ಒಂದೂ ಬಾರದೆ ಹೋದದ್ದು ಮಾತ್ರ ಪಾರಿತೋಷಕದ ದೋಷ.)

ಕಿಮ್‌ಳ ವಿಷಯದಲ್ಲಿ ಊಹೆಗಳು ಎಲ್ಲಕ್ಕಿಂತ ಹೆಚ್ಚಾಗಿದ್ದವು. ಮೊದಲ ಧಾರಾವಾಹಿಯಲ್ಲಿ ಅವಳ ಸುಳಿವೇ ಇರಲಿಲ್ಲ. ಆದುದರಿಂದ ಅವಳು ಸಾಯುವಳು, ಆ ಮರಣವೇ ಗಂಡನನ್ನು ಸಾಲ್ ಆಗಿಸುವದು ಎಂದು ಬಹುಜನರು ಹೇಳುತ್ತಿದ್ದರು. ಇದೂ ಒಂದು ಶಾಪವೇ. ಕರ್ತೃಗಳು ಅದನ್ನೂ ಕೊಡಲಿಲ್ಲ. ಹೌವರ್ಡ್‌ನ ಹೆಸರು ಕೆಡಿಸುವ ಆಟವನ್ನು ಗಂಡಹೆಂಡಿರು ಕೂಡಿಯೇ ಹೂಡಿದರು. ಕೆಲವೆಡೆ ಅವಳದೇ ಉತ್ಸಾಹ ಹೆಚ್ಚು. ಆ ಆಟದ ಕೊನೆಗೆ ನಿರಪರಾಧಿಯಾದ ಹೌವರ್ಡ್‌ನು ಅವರ ಮನೆಯಲ್ಲಿಯೇ ಕೊಲೆಗಾರನ ಗುಂಡಿಗೆ ಬಿದ್ದಾಗ, ಅವಳು ತನ್ನ ಸನದನ್ನು ಬಿಟ್ಟುಕೊಟ್ಟು ಮನೆಯಿಂದ ನಡೆದಳು. ಗಂಡನು ಹೆಸರು ಬದಲಿಸಿಕೊಂಡು ಅದೇ ವೃತ್ತಿಯಲ್ಲಿ ಉಳಿದನು.

ರನ್ನನ ಕಾವ್ಯಕ್ಕೆ ಭೀಮನು ನಾಯಕ. ಅವನಲ್ಲಿ ಕವಿಯು ತನ್ನ ದೊರೆ ಸತ್ಯಾಶ್ರಯನನ್ನು ಕಂಡನು. ಆದರೂ ಓದುಗರ ಕಣ್ಣೀರು ದುರ್ಯೋಧನನಿಗೇ ಸಲ್ಲುತ್ತ ಬಂದಿದೆ; ಬಿ. ಎಂ. ಶ್ರೀಕಂಠಯ್ಯನವರು ಆ ಕಾವ್ಯದಿಂದಲೇ ಗದಾಯುದ್ಧ ನಾಟಕವನ್ನು ಕಟ್ಟಿ ಅವನನ್ನು ದುರಂತನಾಯಕನನ್ನಾಗಿ ನಿಲ್ಲಿಸಿದರು. ಆದರೆ ರನ್ನನು ಅವನನ್ನು ಬಿಡುಗಡೆ ಮಾಡಿರುವನೇ? ಇಲ್ಲ. ದ್ರೌಪದಿಯ ಬಿಚ್ಚಿದ ಮುಡಿಯು ಆ ಕಾವ್ಯದಲ್ಲಿ ಮರೆಯಾಗುವದೇ ಇಲ್ಲ. ಅಪರಾಧವನ್ನು ಅಪರಾಧವಾಗಿಯೇ ಇಟ್ಟು, ರಣಭೂಮಿಯಲ್ಲಿ ಶತ್ರುವಿನ ಮಗನಾದ ಅಭಿಮನ್ಯುವಿನ ಶವದ ಮುಂದೆ ಅವನನ್ನು ನಿಲ್ಲಿಸಿ, ಆ ಬಾಲಕನ ಪರಾಕ್ರಮವನ್ನು ಅವನಿಂದಲೇ ಹೊಗಳಿಸಿದನು. ತಪ್ಪನ್ನು ಅಳಿಸದೆ ಮನುಷ್ಯನನ್ನು ಎತ್ತುವ ರೀತಿಯದು.

ಸಾಲ್‌ನ ಕೊನೆಯ ಕಂತು ಇದಕ್ಕೆ ಸಮೀಪ ಬರುತ್ತದೆ. ಸಿಕ್ಕಿಬಿದ್ದ ಮೇಲೂ ಅವನು ತನ್ನ ಮಾತಿನ ಬಲದಿಂದ ಸರಕಾರಿ ವಕೀಲರನ್ನು ಬಾಗಿಸಿ ಏಳೇ ವರ್ಷದ ಸೆರೆಗೆ ಒಪ್ಪಿಸಿರುವನು. ಸೆರೆಯಲ್ಲಿ ಐಸ್‌ಕ್ರೀಮ್ ಬೇಕೆಂಬ ಕರಾರೂ ಅದರಲ್ಲಿ ಸೇರಿದೆ! ನ್ಯಾಯಾಧೀಶರ ಮುಂದೆ, ಕಿಮ್ ಕೇಳುತ್ತಿರುವಾಗ, ಆ ಒಪ್ಪಂದವನ್ನು ತಾನೇ ಮುರಿದು ಮಾಡಿದ್ದನ್ನೆಲ್ಲ ಒಪ್ಪಿಕೊಂಡು, ಜೇಮ್ಸ್ ಮೆಕ್‌ಗಿಲ್ ಎಂಬ ಹೆಸರನ್ನು ಮರಳಿ ಕೇಳುವನು. ಶಿಕ್ಷೆ 86 ವರ್ಷವಾಗುವದು. ಅವಳ ಮೆಚ್ಚಿಕೆಗಾಗಿ ಹೂಡಿದ ಇನ್ನೊಂದು ವಾಗ್ವಿಲಾಸವೆಂದು ಸಂಶಯಪಟ್ಟವರಿರುವರು. ಇರಬಹುದು, ಆದರೆ ಈ ಸಾರೆ ಮಾತಿನ ವೆಚ್ಚವನ್ನು ಆಡಿದವನೇ ತೆತ್ತನು. ಸೆರೆಮನೆಗೆ ಒಯ್ಯುವ ಮೋಟಾರಿನಲ್ಲಿ ಅವನು ತಾನು ಮೆಕ್‌ಗಿಲ್ ಎನ್ನುತ್ತಿದ್ದರೂ ಜೊತೆಯ ಕೈದಿಗಳು ಸಾಲ್‌ನ ಹೆಸರನ್ನೇ ಕೂಗಿ ಕೂಗಿ ಜಯಘೋಷ ಮಾಡುವರು.

ಆ ಒಪ್ಪಿಗೆಯ ಪಟ್ಟಿಯಲ್ಲಿ ಅಣ್ಣನೂ ಇರುವನು. ವಿಮಾಸಂಸ್ಥೆಗೆ ಹೋಗಿ ಅಣ್ಣನ ವೃತ್ತಿಯನ್ನು ಕಸಿದದ್ದು ತಾನು, ಅದರಿಂದಲೇ ಅವನು ಪ್ರಾಣ ಕಳೆದುಕೊಂಡನು ಎಂದು ಅವನು ತುಂಬಿದ ನ್ಯಾಯಾಲಯದಲ್ಲಿ ನುಡಿಯುವನು. ಪಕ್ಕದಲ್ಲಿದ್ದ ಅವನ ವಕೀಲನು ಮೆಲ್ಲನೆ, ಅಣ್ಣನ ವಿಷಯದಲ್ಲಿ ನೀನು ಮಾಡಿದ್ದು ಕಾಯದೆಯ ಮೇರೆಗೆ ಅಪರಾಧವೇ ಅಲ್ಲವಲ್ಲ, ಎನ್ನುವನು. ಅಪರಾಧವೇ ಹೌದು ಎಂದು ಜಿಮ್ಮಿ ಉತ್ತರ ಕೊಡುವನು.