ಸಂಕಮ್ಮ ಕೊಡದ ಭಾಷೆ

ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟದ ಸೀಮೆಯಲ್ಲಿ ದೇವರಗುಡ್ಡರು ಕಂಸಾಳೆ ಹಿಡಿದು ಮಹದೇಶ್ವರನ, ಅಂದರೆ ಮಾದಪ್ಪನ, ಕತೆ ಹಾಡುತ್ತಾರೆ. ಒಂದು ಕೈಯಲ್ಲಿ ಬಟ್ಟಲಿನಂಥ ತಾಳ, ಇನ್ನೊಂದರಲ್ಲಿ ಗೊಂಡೆ ಕಟ್ಟಿದ ಚಪ್ಪಟೆ ತಾಳ. ಕತೆಯ ಒಂದೊಂದು ಭಾಗವೂ ಒಂದೊಂದು ‘ಸಾಲು’. ಅವುಗಳಲ್ಲಿ ಹೆಚ್ಚು ತಪ್ಪಾಗಿ ಅರ್ಥವಾಗಿರುವುದು ಸಂಕಮ್ಮನ ಸಾಲು.

ಸೋಲಿಗರ ನೀಲೇಗೌಡ ಜೇನಿಗೆ ಹೊರಡುತ್ತಾನೆ. ಹೊರಡುವ ಮುನ್ನ, ತಾನಿಲ್ಲದಾಗ ತಪ್ಪಿ ನಡೆಯುವುದಿಲ್ಲವೆಂದು ಬಲಗೈ ಭಾಷೆ ಕೊಡು ಎಂದು ಹೆಂಡತಿ ಸಂಕಮ್ಮನನ್ನು ಕೇಳುತ್ತಾನೆ. ಆಕೆ ಕೊಡುವುದಿಲ್ಲ. ಸಿಟ್ಟಿಗೆದ್ದ ಗಂಡ ಅವಳನ್ನು ಹಿಂಸಿಸಿ ಗುಡಿಸಲಲ್ಲಿ ಕೂಡಿಹಾಕಿ ಹೋಗುತ್ತಾನೆ. ಮಾದಪ್ಪ ಬಂದು ಬಿಡಿಸುತ್ತಾನೆ. ಮಕ್ಕಳಿಲ್ಲದವಳಿಗೆ ಕಾರಯ್ಯ, ಬಿಲ್ಲಯ್ಯ ಹುಟ್ಟುತ್ತಾರೆ. ಹಾಡುವವರು ಬದಲಾದಂತೆ ವಿವರವೂ ಬದಲಾಗುತ್ತದೆ.

ಇದನ್ನು ದೇವರ ಪವಾಡವೆಂದೋ ಪತಿವ್ರತೆಯ ಸತ್ವಪರೀಕ್ಷೆಯೆಂದೋ ಓದಿ ಮುಗಿಸುವುದು ರೂಢಿ. ಆ ಓದು ಕತೆಯ ನಡುಗಂಬವನ್ನೇ ಕೀಳುತ್ತದೆ. ಪತಿವ್ರತೆಯಷ್ಟೇ ಆಗಿದ್ದರೆ ಸಂಕಮ್ಮ ಭಾಷೆ ಕೊಟ್ಟು ಸುಮ್ಮನಾಗಬಹುದಿತ್ತು. ಆದರೆ ಭಾಷೆ ಕೊಟ್ಟರೆ ಗಂಡನ ಅನುಮಾನಕ್ಕೆ ತಾನೇ ಜಾಗ ಕೊಟ್ಟಂತೆ. ಕೈ ಮುಂದೆ ಚಾಚದ ಆ ಗಳಿಗೆಯೇ ಸಾಲಿನ ಜೀವ.

ಜೇನಿನ ಸಂಗತಿಯೂ ಅಲಂಕಾರವಲ್ಲ. ಹೆಜ್ಜೇನು ಕಟ್ಟುವುದು ಎತ್ತರದ ಮರದಲ್ಲಿ, ಕಡಿದಾದ ಬಂಡೆಯಲ್ಲಿ. ಅದನ್ನು ಕೀಳಲು ಹೋದ ಗಂಡಸು ದಿನಗಟ್ಟಲೆ ಕಾಡಲ್ಲಿರಬೇಕು, ಗುಡಿಸಲಲ್ಲಿ ಹೆಂಗಸು ಒಬ್ಬಳೇ. ಅನುಮಾನ ಹುಟ್ಟುವುದು ಈ ಬದುಕಿನೊಳಗೇ. ಮಾದಪ್ಪ ಯಾವ ಶತಮಾನದವನು ಎಂದು ಹುಡುಕುವವರು ಹಾಡಿನಲ್ಲಿರುವ ಈ ಬದುಕಿನ ಚರಿತ್ರೆಯನ್ನು ಕಡೆಗಣಿಸಿದ್ದೇ ಹೆಚ್ಚು.

ತಪ್ಪು ಓದಿಗೆ ಸಿಕ್ಕ ಇನ್ನೊಬ್ಬಳು ಇದೇ ಸೀಮೆಯ ಯಳಂದೂರಿನ ಕವಿ ಸಂಚಿ ಹೊನ್ನಮ್ಮ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1673–1704) ಮೈಸೂರು ಅರಮನೆಯಲ್ಲಿ ಎಲೆಅಡಿಕೆ ಸಂಚಿಯ ಊಳಿಗದಲ್ಲಿದ್ದು, ಸಾಂಗತ್ಯದಲ್ಲಿ ‘ಹದಿಬದೆಯ ಧರ್ಮ’ ಬರೆದಳು. ಅವಳಿಗೆ ಆದದ್ದು ಬೇರೆ ಬಗೆಯ ಅನ್ಯಾಯ. ಹೆಣ್ಣನ್ನು ಹೀಗಳೆಯುವವರಿಗೆ ಅವಳು ಹಾಕಿದ ಪ್ರಶ್ನೆಯನ್ನಷ್ಟೇ ಕಿತ್ತು ವೇದಿಕೆಗಳಲ್ಲಿ ಹೇಳುತ್ತಾರೆ. ಕೃತಿಯ ಬಹುಪಾಲು ಹೆಂಡತಿಯಾದವಳ ನಡತೆಗೆ ಮೀಸಲೆಂಬುದನ್ನು ಬಿಟ್ಟುಬಿಡುತ್ತಾರೆ. ಅರಮನೆಯ ಆಶ್ರಯದಲ್ಲಿ ಸತೀಧರ್ಮವನ್ನು ಬೋಧಿಸುತ್ತಲೇ ಆ ಪ್ರಶ್ನೆ ಎತ್ತಿದಳು ಎಂಬಲ್ಲೇ ಅವಳ ಧೈರ್ಯ ಕಾಣುವುದು. ಆವರಣ ತೆಗೆದರೆ ಧೈರ್ಯವೂ ಮಸುಕಾಗುತ್ತದೆ.

ಹೊನ್ನಮ್ಮನನ್ನು ಬಂಡಾಯಗಾರ್ತಿ ಮಾಡುವ ಅವಸರ, ಸಂಕಮ್ಮನನ್ನು ಸಾಧ್ವಿ ಮಾಡುವ ಅವಸರ ಎರಡರದೂ ಒಂದೇ ದೋಷ: ಪಠ್ಯ ಏನು ಹೇಳುತ್ತದೆಂದು ಕೇಳುವ ಮೊದಲೇ ಉತ್ತರ ಸಿದ್ಧವಾಗಿರುತ್ತದೆ. ಪಿ. ಕೆ. ರಾಜಶೇಖರ ಅವರಂಥವರು ಮಾದೇಶ್ವರ ಕಾವ್ಯವನ್ನು ಹಾಡುಗಾರರ ಬಾಯಿಂದ ಸಂಗ್ರಹಿಸಿ ಅಚ್ಚಿಗೆ ತಂದಿದ್ದಾರೆ. ಕೊಳ್ಳೇಗಾಲ, ಹನೂರು, ಯಳಂದೂರಿನ ಕಾಲೇಜುಗಳ ಕನ್ನಡ ತರಗತಿಗಳಲ್ಲಿ ಸಂಕಮ್ಮನ ಸಾಲನ್ನೂ ಹದಿಬದೆಯ ಧರ್ಮವನ್ನೂ ಅಕ್ಕಪಕ್ಕ ಇಟ್ಟು, ಇಡಿಯಾಗಿ ಓದಿಸಲಿ. ಸೋಲಿಗರ ಪೋಡಿನಿಂದ ಬಂದ ಮಕ್ಕಳೂ ಅಲ್ಲಿದ್ದಾರೆ. ಜೇನಿನ ಮಾತು ಬಂದಾಗ ಮೊದಲು ಅವರನ್ನು ಕೇಳಲಿ.