ಬಳಸಿದ್ದು ಉಳಿಯಿತು: ರೋಮ್ ನಗರದ ಕಟ್ಟಡಗಳು

ಟೈಬರ್ ನದಿಯ ಪೂರ್ವ ದಂಡೆಯ ಏಳು ಗುಡ್ಡಗಳ ಮೇಲೆ ರೋಮ್ ಬೆಳೆಯಿತು. ಕ್ರಿ.ಪೂ. 753ರಲ್ಲಿ ರೊಮ್ಯುಲಸ್ ಅದನ್ನು ಕಟ್ಟಿದನೆಂಬುದು ಐತಿಹ್ಯ. ಪ್ಯಾಲಟೈನ್ ಗುಡ್ಡದ ಬಂಡೆಯಲ್ಲಿ ಗುಡಿಸಲಿನ ಕಂಬ ನೆಡಲು ಕೊರೆದ ಕುಳಿಗಳು ಸಿಕ್ಕಿವೆ. ಅವೂ ಹೆಚ್ಚುಕಡಿಮೆ ಅದೇ ಕಾಲದವು. ಗುಡ್ಡಗಳ ನಡುವಿನ ತಗ್ಗು ಆಗ ಬರೀ ಜೌಗು. ಕ್ಲೊವಾಕಾ ಮ್ಯಾಕ್ಸಿಮಾ ಎಂಬ ದೊಡ್ಡ ಕಾಲುವೆ ತೋಡಿ ನೀರನ್ನು ನದಿಗೆ ಬಿಟ್ಟ ಮೇಲೆ ಅಲ್ಲಿ ಫೋರಂ ತಲೆಯೆತ್ತಿತು. ಸಂತೆ, ನ್ಯಾಯಾಲಯ, ಸೆನೆಟ್, ದೇವಾಲಯ ಎಲ್ಲವೂ ಆ ಒಂದೇ ಬಯಲಿನಲ್ಲಿದ್ದವು.

ಕ್ರಿ.ಪೂ. 27ರಲ್ಲಿ ಆಗಸ್ಟಸ್ ಚಕ್ರವರ್ತಿಯಾದ ಮೇಲೆ ಊರಿನ ರೂಪವೇ ಬದಲಾಯಿತು. ಮುಂದೆ ಚಕ್ರವರ್ತಿ ವೆಸ್ಪೇಸಿಯನ್ ಆರಂಭಿಸಿದ ಕೊಲೋಸಿಯಂ ಎಂಬ ಕ್ರೀಡಾರಂಗ ಕ್ರಿ.ಶ. 80ರಲ್ಲಿ ಅವನ ಮಗ ಟೈಟಸ್‌ನ ಕಾಲದಲ್ಲಿ ತೆರೆಯಿತು. ಸುಮಾರು ಐವತ್ತು ಸಾವಿರ ಜನರು 80 ಕಮಾನುದ್ವಾರಗಳಿಂದ ನೂಕುನುಗ್ಗಲಿಲ್ಲದೆ ಒಳಹೊರಗಾಗುವ ಹಾಗೆ ಅದನ್ನು ಯೋಜಿಸಲಾಗಿತ್ತು.

ಆದರೆ ರೋಮ್‌ನಲ್ಲಿ ಒಂದೇ ಕಟ್ಟಡ ನೋಡಲು ಸಮಯವಿದ್ದರೆ ನೋಡಬೇಕಾದದ್ದು ಪ್ಯಾಂಥಿಯನ್ ದೇವಾಲಯ. ಮುಂಭಾಗದ ಮೇಲೆ ಕೆತ್ತಿರುವ ಹೆಸರು ಆಗಸ್ಟಸನ ಸೇನಾನಿ ಅಗ್ರಿಪ್ಪನದು. ಅವನು ಕಟ್ಟಿಸಿದ್ದು ಬೆಂಕಿಗೆ ಹೋಯಿತು. ಈಗಿರುವುದು ಸುಮಾರು ಕ್ರಿ.ಶ. 125ರ ಹೊತ್ತಿಗೆ ಚಕ್ರವರ್ತಿ ಹೇಡ್ರಿಯನ್ ಪೂರ್ಣಗೊಳಿಸಿದ ಕಟ್ಟಡ. ತನ್ನ ಹೆಸರು ಹಾಕಿಸದೆ ಹಳೆಯ ಹೆಸರನ್ನೇ ಉಳಿಸಿದ್ದು ಅವನ ದೊಡ್ಡತನ. ಗುಮ್ಮಟದ ವ್ಯಾಸ 43.3 ಮೀಟರ್, ನೆಲದಿಂದ ಅದರ ನೆತ್ತಿಯ ಎತ್ತರವೂ ಅಷ್ಟೇ. ಕಬ್ಬಿಣದ ಸರಳಿಲ್ಲದ ಕಾಂಕ್ರೀಟ್ ಗುಮ್ಮಟಗಳಲ್ಲಿ ಇಂದಿಗೂ ಇದೇ ಜಗತ್ತಿನಲ್ಲಿ ದೊಡ್ಡದು. ಗುಟ್ಟಿರುವುದು ಗಾರೆಗೆ ಬೆರೆಸಿದ ಜಲ್ಲಿಯಲ್ಲಿ: ತಳದಲ್ಲಿ ಭಾರದ ಕಲ್ಲು, ಮೇಲೇರಿದಂತೆ ಹಗುರವಾದದ್ದು, ನೆತ್ತಿಯ ಸುತ್ತ ಜ್ವಾಲಾಮುಖಿಯ ರಂಧ್ರಮಯ ಕಲ್ಲು. ಗೋಡೆಯ ದಪ್ಪ ಆರು ಮೀಟರಿನಷ್ಟು. ಗುಮ್ಮಟವೋ ಮೇಲೆ ಹೋದಂತೆ ತೆಳುವಾಗುತ್ತದೆ. ನೆತ್ತಿಯ ತೆರೆದ ಕಿಂಡಿಯಿಂದ ಬಿಸಿಲು ಮಾತ್ರವಲ್ಲ, ಮಳೆಯೂ ಒಳಗೆ ಬೀಳುತ್ತದೆ. ನಡುವೆ ತುಸು ಉಬ್ಬಿದ ಅಮೃತಶಿಲೆಯ ನೆಲ ಆ ನೀರನ್ನು ಸಣ್ಣ ತೂತುಗಳತ್ತ ಸಾಗಿಸುತ್ತದೆ.

476ರಲ್ಲಿ ಪಶ್ಚಿಮ ಸಾಮ್ರಾಜ್ಯ ಮುಗಿಯಿತು. 537ರ ಮುತ್ತಿಗೆಯಲ್ಲಿ ಗೋಥರು ನಗರಕ್ಕೆ ನೀರು ತರುತ್ತಿದ್ದ ಮೇಲ್ಗಾಲುವೆಗಳನ್ನು ಕಡಿದರು. ನೀರಿಲ್ಲದ ಗುಡ್ಡಗಳನ್ನು ಬಿಟ್ಟು ಅಳಿದುಳಿದ ಜನ ನದಿಯ ಹತ್ತಿರ ಸರಿದರು. ಅಲ್ಲಿಂದ ಮುಂದೆ ಹೆಚ್ಚಾಗಿ ಹೊಸ ಕೆಲಸ ಸಿಕ್ಕಿದ ಕಟ್ಟಡಗಳೇ ಬದುಕಿದವು. ಪ್ಯಾಂಥಿಯನ್ 609ರಲ್ಲಿ ಚರ್ಚ್ ಆಯಿತು. ಹೇಡ್ರಿಯನ್ನನ ಸಮಾಧಿ ಕೋಟೆಯಾಗಿ, 1527ರಲ್ಲಿ ನಗರ ಲೂಟಿಯಾದಾಗ ಪೋಪ್ ಏಳನೇ ಕ್ಲೆಮೆಂಟ್‌ಗೆ ಆಶ್ರಯ ಕೊಟ್ಟಿತು. ಚಕ್ರವರ್ತಿ ಮಾರ್ಕಸ್ ಅರೇಲಿಯಸ್‌ನ ಕುದುರೆ ಸವಾರಿಯ ಕಂಚಿನ ಪ್ರತಿಮೆಯನ್ನು ಕ್ರೈಸ್ತ ಚಕ್ರವರ್ತಿ ಕಾನ್‌ಸ್ಟಂಟೈನ್‌ನದೆಂದು ಜನ ತಿಳಿದಿದ್ದರಿಂದ ಅದು ಕರಗಿಸುವ ಕುಲುಮೆಗೆ ಹೋಗಲಿಲ್ಲ. ಕೊಲೋಸಿಯಂಗೆ ಅಂಥ ರಕ್ಷಣೆ ತಡವಾಗಿ ಬಂತು. 1349ರ ಭೂಕಂಪದಲ್ಲಿ ಉರುಳಿದ ಅದರ ದಕ್ಷಿಣ ಪಾರ್ಶ್ವದ ಕಲ್ಲುಗಳು ಅರಮನೆ, ಚರ್ಚುಗಳ ಗೋಡೆ ಸೇರಿದವು. ಕಬ್ಬಿಣದ ಕೊಂಡಿಗಳನ್ನು ಕಿತ್ತ ತೂತುಗಳು ಉಳಿದ ಕಂಬಗಳ ಮೈತುಂಬ ಕಾಣುತ್ತವೆ. ಸ್ಯಾನ್ ಕ್ಲೆಮೆಂತೆ ಚರ್ಚಿನಲ್ಲಂತೂ ಮೆಟ್ಟಿಲಿಳಿದರೆ ಹನ್ನೆರಡನೇ ಶತಮಾನದ ಚರ್ಚಿನ ಕೆಳಗೆ ನಾಲ್ಕನೇ ಶತಮಾನದ ಚರ್ಚು, ಅದರ ಕೆಳಗೆ ಮಿತ್ರ ದೇವರ ಪೂಜಾಗೃಹ.

ಪೋಪರ ಆಳ್ವಿಕೆಯಲ್ಲಿ ನಗರ ಮತ್ತೆ ತುಂಬಿತು. ಸೇಂಟ್ ಪೀಟರ್ ಬಸಿಲಿಕಾದ ನಿರ್ಮಾಣ 1506ರಿಂದ 1626ರವರೆಗೆ ನಡೆಯಿತು. 1762ರಲ್ಲಿ ಮುಗಿದ ಟ್ರೆವಿ ಕಾರಂಜಿಗೆ ಕ್ರಿ.ಪೂ. 19ರಲ್ಲಿ ಅಗ್ರಿಪ್ಪ ತಂದ ಕಾಲುವೆಯ ನೀರೇ ಬಂತು. 1871ರಲ್ಲಿ ರೋಮ್ ಏಕೀಕೃತ ಇಟಲಿಯ ರಾಜಧಾನಿಯಾಯಿತು. ಇಂದು ಮೆಟ್ರೋಗಾಗಿ ಅಗೆದಲ್ಲೆಲ್ಲ ಹಳೆಯ ನಗರ ಎದುರಾಗುವುದರಿಂದ ಕಾಮಗಾರಿ ನಿಧಾನ. 2018ರಲ್ಲಿ ತೆರೆದ ಸ್ಯಾನ್ ಜೊವಾನ್ನಿ ನಿಲ್ದಾಣದಲ್ಲಿ, ಸಿಕ್ಕಿದ ವಸ್ತುಗಳನ್ನು ಆಯಾ ಆಳಕ್ಕೆ ತಕ್ಕಂತೆ ಗೋಡೆಯುದ್ದಕ್ಕೂ ಇಡಲಾಗಿದೆ.