ನೆನಪಿನ ಟಿ ಕೋಶ: ರಫಿ ಅಹ್ಮದ್ ಸಂಶೋಧನೆಗೆ ಐದು ಸಾಲಿನ ವ್ಯಾಖ್ಯಾನ

ರೋಗನಿರೋಧಕ ವಿಜ್ಞಾನಿ ರಫಿ ಅಹ್ಮದ್ ಅವರ ಜೀವಮಾನದ ಕೆಲಸವನ್ನು ಐದು ಸಾಲಿಗೆ ಇಳಿಸಿದ್ದೇನೆ. ಸಾಲುಗಳು ನನ್ನವು, ಒಳಗಿನ ಸಂಗತಿ ಅವರದು ಮತ್ತು ಅವರ ಶಿಷ್ಯರದು. ಹಾಗೇ ಓದಿದರೆ ಒಗಟಿನಂತೆ ಕಾಣುತ್ತವೆ. ಅದಕ್ಕೇ ಒಂದೊಂದನ್ನೂ ಬಿಡಿಸಿ ಹೇಳುತ್ತೇನೆ.

1. ಇಲಿಯ ಒಂದು ವೈರಸ್ಸನ್ನು ಹಿಡಿದು ಕೂತರು, ನಾಲ್ಕು ದಶಕ.

ಹುಟ್ಟಿದ್ದು 1948ರಲ್ಲಿ, ಹೈದರಾಬಾದಿನಲ್ಲಿ. ಉಸ್ಮಾನಿಯಾದಲ್ಲಿ ಪದವಿ ಮುಗಿಸಿ ಅಮೆರಿಕಕ್ಕೆ ಹೋದರು. ಐಡಹೋದಲ್ಲಿ ಓದಿ, 1981ರಲ್ಲಿ ಹಾರ್ವರ್ಡ್‌ನಿಂದ ಡಾಕ್ಟರೇಟ್ ಪಡೆದು, ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಸ್ಥೆಯಲ್ಲಿ ಮೈಕೆಲ್ ಓಲ್ಡ್‌ಸ್ಟೋನ್ ಅವರ ಪ್ರಯೋಗಾಲಯ ಸೇರಿದರು. ಅಲ್ಲಿ ಕೈಗೆ ಸಿಕ್ಕಿದ ವೈರಸ್ಸಿನ ಪೂರ್ತಿ ಹೆಸರು ಲಿಂಫೋಸೈಟಿಕ್ ಕೋರಿಯೋಮೆನಿಂಜೈಟಿಸ್ ವೈರಸ್. ಪ್ರಯೋಗಾಲಯದ ಮಾತಿನಲ್ಲಿ ಎಲ್‌ಸಿಎಂವಿ.

ಇದೇ ಏಕೆ? ಇಲಿ ಇದರ ಸಹಜ ಮನೆ. ಈ ವೈರಸ್ ತಾನು ಹೊಕ್ಕ ಕೋಶವನ್ನು ತಾನಾಗಿ ಕೊಲ್ಲುವುದಿಲ್ಲ. ಕೊಲ್ಲುವುದು ಸೋಂಕಿತ ಕೋಶವನ್ನು ಗುರುತಿಸಿದ ಟಿ ಕೋಶ, ಅಂದರೆ ರೋಗನಿರೋಧಕ ವ್ಯವಸ್ಥೆಯ ಒಂದು ಬಗೆಯ ಬಿಳಿ ರಕ್ತಕಣ. ಹಾಗಾಗಿ ಇಲಿಯ ಮೈಯಲ್ಲಿ ಕಾಣುವ ಗೆಲುವಿನಲ್ಲೂ ಹಾನಿಯಲ್ಲೂ ಬಹುಪಾಲು ಟಿ ಕೋಶದ ಕೈಯೇ ಇರುತ್ತದೆ. ಮುಂದೆ ಅಟ್ಲಾಂಟಾದ ಎಮೊರಿ ಲಸಿಕೆ ಕೇಂದ್ರದ ನಿರ್ದೇಶಕರಾಗಿ ಮನುಷ್ಯರ ಡೆಂಗಿ, ಫ್ಲೂ, ಕೋವಿಡ್ ಕಡೆಗೂ ಹೋದರು. ಇಲಿಯನ್ನು ಮಾತ್ರ ಬಿಡಲಿಲ್ಲ.

2. ಒಂದೇ ವೈರಸ್ಸಿನ ಎರಡು ತಳಿ: ಒಂದು ವಾರದಲ್ಲಿ ಹೋಯಿತು, ಇನ್ನೊಂದು ಮನೆ ಮಾಡಿಕೊಂಡಿತು.

ಹುಟ್ಟಿದೊಡನೆ ಎಲ್‌ಸಿಎಂವಿ ತಗುಲಿದ ಇಲಿಮರಿ ಅದನ್ನು ಹೊರಹಾಕುವುದಿಲ್ಲ, ಜೀವಮಾನವಿಡೀ ಹೊತ್ತು ತಿರುಗುತ್ತದೆ. ಅಂಥ ಇಲಿಗಳ ಬೇರೆ ಬೇರೆ ಅಂಗಗಳಿಂದ ವೈರಸ್ಸನ್ನು ತೆಗೆದು, ಆರೋಗ್ಯವಂತ ದೊಡ್ಡ ಇಲಿಗಳಿಗೆ ಕೊಟ್ಟು ನೋಡಿದರು. ಮಿದುಳಿನಿಂದ ಬಂದದ್ದು ಮೂಲ ‘ಆರ್ಮ್‌ಸ್ಟ್ರಾಂಗ್’ ತಳಿಯಂತೆಯೇ ನಡೆದುಕೊಂಡಿತು: ಸುಮಾರು ಎಂಟು ದಿನದಲ್ಲಿ ಟಿ ಕೋಶಗಳು ಅದನ್ನು ತೊಡೆದುಹಾಕಿದವು. ಗುಲ್ಮದಿಂದ ಬಂದದ್ದು ಹಾಗಲ್ಲ. ಅದು ಟಿ ಕೋಶಗಳ ದಾಳಿಯನ್ನೇ ಅಡಗಿಸಿ, ದೊಡ್ಡ ಇಲಿಯ ರಕ್ತದಲ್ಲೂ ತಿಂಗಳುಗಟ್ಟಲೆ ಉಳಿಯಿತು. 1984ರಲ್ಲಿ ಪ್ರಕಟವಾದ ಈ ಕೆಲಸದಿಂದ ಬಂದ ತಳಿಯೇ ‘ಕ್ಲೋನ್ 13’.

ಎರಡರ ನಡುವಿನ ವ್ಯತ್ಯಾಸ ಬೆರಳೆಣಿಕೆಯ ಅಮೈನೋ ಆಮ್ಲಗಳದು. ಟಿ ಕೋಶ ಗುರುತು ಹಿಡಿಯುವ ಮುಖ್ಯ ತುಣುಕುಗಳು ಎರಡರಲ್ಲೂ ಒಂದೇ. ಒಂದೇ ಬೀಜವನ್ನು ಎರಡು ಹೊಲಕ್ಕೆ ಬಿತ್ತಿ ಫಸಲು ಹೋಲಿಸಿದ ಹಾಗಾಯಿತು. ಈ ಜೋಡಿ ಕೈಯಲ್ಲಿರದಿದ್ದರೆ ಮುಂದಿನ ಮೂರು ಸಾಲುಗಳನ್ನು ಬರೆಯಲು ಆಗುತ್ತಲೇ ಇರಲಿಲ್ಲ ಎಂದು ನನಗನ್ನಿಸುತ್ತದೆ.

3. ವೈರಸ್ ಹೋಯಿತು, ಅದನ್ನು ಕಂಡ ಕೋಶ ಉಳಿಯಿತು.

ಒಮ್ಮೆ ದಡಾರ ಬಂದವರಿಗೆ ಮತ್ತೆ ಬರುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತು. 1846ರಲ್ಲಿ ಫೇರೋ ದ್ವೀಪಗಳಲ್ಲಿ ದಡಾರ ಹಬ್ಬಿದಾಗ, 1781ರ ಹಾವಳಿಯಲ್ಲಿ ಅದನ್ನು ಅನುಭವಿಸಿದ್ದ ಮುದುಕರಿಗೆ ಅದು ತಗುಲಲಿಲ್ಲವೆಂದು ಡೆನ್ಮಾರ್ಕಿನ ವೈದ್ಯ ಪೀಟರ್ ಪಾನುಮ್ ದಾಖಲಿಸಿದ್ದಾರೆ. ನಡುವಿನ 65 ವರ್ಷ ದ್ವೀಪದಲ್ಲಿ ದಡಾರವೇ ಇರಲಿಲ್ಲ. ಹಾಗಾದರೆ ನೆನಪನ್ನು ಇಟ್ಟುಕೊಂಡದ್ದು ಯಾವುದು? ರೋಗಾಣುವಿನ ಚೂರುಪಾರು ಮೈಯಲ್ಲೆಲ್ಲೋ ಉಳಿದು ಟಿ ಕೋಶವನ್ನು ಆಗಾಗ ಕೆಣಕುತ್ತಿರಬೇಕು ಎಂಬುದು ಒಂದು ಪಕ್ಷ. 1991ರಲ್ಲಿ ಡೇವಿಡ್ ಗ್ರೇ ಮತ್ತು ಪಾಲಿ ಮಾಟ್ಸಿಂಗರ್ ಇದಕ್ಕೆ ಪ್ರಯೋಗದ ಬೆಂಬಲ ಒದಗಿಸಿದ್ದರು.

ಅಹ್ಮದ್ ತಂಡ 1994ರಲ್ಲಿ ಕೊಟ್ಟ ಉತ್ತರ ನೇರವಾದದ್ದು. ಸೋಂಕು ಗೆದ್ದ ಇಲಿಯ ನೆನಪಿನ ಟಿ ಕೋಶಗಳನ್ನು ತೆಗೆದು, ವೈರಸ್ಸಿನ ಸುಳಿವೇ ಇಲ್ಲದ ಇಲಿಗೆ ವರ್ಗಾಯಿಸಿದರು. ಕೆಣಕುವವರಿಲ್ಲದೆಯೂ ಕೋಶಗಳು ಬಾಳಿದವು, ಮತ್ತೆ ವೈರಸ್ ಬಂದಾಗ ಇಲಿಯನ್ನು ಕಾಪಾಡಿದವು. ಎರಡೇ ವರ್ಷದಲ್ಲಿ, ನೆನಪಿಗೂ ರಕ್ಷಣೆಗೂ ಇರುವ ನಂಟಿನ ಬಗ್ಗೆ ಅಹ್ಮದ್ ಮತ್ತು ಅದೇ ಗ್ರೇ ಕೂಡಿ ‘ಸೈನ್ಸ್’ ಪತ್ರಿಕೆಗೆ ಲೇಖನ ಬರೆದರು. ವಾದದ ಎರಡು ಬದಿಯವರು ಒಂದೇ ಮೇಜಿನಲ್ಲಿ ಕೂತದ್ದು ನನಗೆ ತುಂಬ ಮೆಚ್ಚುಗೆಯಾದ ಸಂಗತಿ.

ಎಷ್ಟು ಕೋಶ ಉಳಿಯುತ್ತದೆ? ಹಳೆಯ ವಿಧಾನಗಳ ಲೆಕ್ಕ ತೀರಾ ಕಡಿಮೆ ಬರುತ್ತಿತ್ತು. ನಿರ್ದಿಷ್ಟ ಟಿ ಕೋಶಕ್ಕೆ ಮಾತ್ರ ಅಂಟಿಕೊಂಡು ಬೆಳಗುವ ಟೆಟ್ರಾಮರ್ ಎಂಬ ಸಾಧನ ಬಂದ ಮೇಲೆ, 1998ರಲ್ಲಿ, ಅಹ್ಮದ್ ತಂಡದ ಕೆ. ಮುರಳಿ-ಕೃಷ್ಣ ಎಮೊರಿಯಲ್ಲಿ ಹೊಸದಾಗಿ ಎಣಿಸಿದರು. ಸೋಂಕಿನ ಎಂಟನೆಯ ದಿನ ಇಲಿಯ ಗುಲ್ಮದ ಸಿಡಿ8 ಟಿ ಕೋಶಗಳಲ್ಲಿ, ಅಂದರೆ ಸೋಂಕಿತ ಕೋಶವನ್ನು ಕೊಲ್ಲುವ ಬಗೆಯವುಗಳಲ್ಲಿ, ಅರ್ಧಕ್ಕೂ ಹೆಚ್ಚು ಈ ಒಂದು ವೈರಸ್ಸಿನ ಮೇಲೆ ಎದ್ದು ನಿಂತವು! ಕೆಲಸ ಮುಗಿದ ಮೇಲೆ ಅವುಗಳಲ್ಲಿ ಬಹುಪಾಲು ಸಾಯುತ್ತವೆ. ಉಳಿಯುವ ನೂರಕ್ಕೆ ಐದೋ ಹತ್ತೋ ನೆನಪಿನ ಕೋಶಗಳಾಗುತ್ತವೆ. ಮುರಳಿ-ಕೃಷ್ಣ ಅಟ್ಲಾಂಟಾಕ್ಕೆ ಹೋಗುವ ಮುನ್ನ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರ್. ಮಂಜುನಾಥ್ ಅವರೊಡನೆ ಜಪಾನೀಸ್ ಎನ್ಸೆಫಲೈಟಿಸ್ ವೈರಸ್ಸನ್ನು ಎದುರಿಸುವ ಟಿ ಕೋಶಗಳ ಮೇಲೆ ಕೆಲಸ ಮಾಡಿದ್ದವರು.

ಮನುಷ್ಯರಲ್ಲೂ ಹೀಗೆಯೇ? ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡ ಸ್ವಯಂಸೇವಕರಿಗೆ ಭಾರಜಲ ಕುಡಿಸಿದರು. ಆಗ ವಿಭಜನೆಯಾಗುವ ಕೋಶದ ಡಿಎನ್‌ಎಯಲ್ಲಿ ಆ ನೀರಿನ ಭಾರ ಹೈಡ್ರೋಜನ್, ಅಂದರೆ ಡ್ಯುಟೀರಿಯಂ, ಸೇರಿಕೊಳ್ಳುತ್ತದೆ. ಕೋಶ ಮತ್ತೆ ಮತ್ತೆ ಒಡೆದರೆ ಆ ಗುರುತು ತೆಳುವಾಗುತ್ತ ಹೋಗಬೇಕು. ಅದು ಬೇಗ ತೆಳುವಾಗಲಿಲ್ಲ. 2017ರಲ್ಲಿ ರಮಾ ಅಕೊಂಡಿ ಮತ್ತು ಸಂಗಡಿಗರು ಪ್ರಕಟಿಸಿದಂತೆ, ಲಸಿಕೆಯ ಮೊದಲ ವಾರಗಳಲ್ಲಿ ಹೋರಾಡಲೆಂದು ಹುಟ್ಟಿದ ಕೋಶಗಳೇ ವರ್ಷಕ್ಕೊಮ್ಮೆಯೂ ಒಡೆಯದೆ ನೆನಪಾಗಿ ಉಳಿದಿದ್ದವು.

4. ವೈರಸ್ ಹೋಗದ ಕಡೆ ಟಿ ಕೋಶ ಇತ್ತು, ಕೈ ಮಾತ್ರ ಆಡಲಿಲ್ಲ.

ಕ್ಲೋನ್ 13 ತಗುಲಿದ ಇಲಿಗಳಲ್ಲಿ ಟಿ ಕೋಶಗಳು ನಾಶವಾಗಿವೆ ಎಂದೇ ಹಿಂದೆ ಅನಿಸುತ್ತಿತ್ತು, ಏಕೆಂದರೆ ಅವುಗಳ ಕೆಲಸವನ್ನು ನೋಡಿಯೇ ಅವುಗಳನ್ನು ಎಣಿಸುತ್ತಿದ್ದರು. 1998ರಲ್ಲಿ ಅಹ್ಮದ್ ತಂಡದ ಅಲನ್ ಜಾಯಾಕ್ ಟೆಟ್ರಾಮರ್ ಹಾಕಿ ನೋಡಿದರೆ ಕೋಶಗಳು ಎದುರಿಗೇ ಇದ್ದವು. ಗಾಮಾ ಇಂಟರ್‌ಫೆರಾನ್ ಎಂಬ ವೈರಸ್ ವಿರೋಧಿ ಸಂಕೇತ ಪ್ರೋಟೀನನ್ನು ಸ್ರವಿಸುವುದನ್ನು ನಿಲ್ಲಿಸಿದ್ದವು, ಕೊಲ್ಲುವುದನ್ನೂ ನಿಲ್ಲಿಸಿದ್ದವು. ‘ಬಳಲಿಕೆ’ ಎಂದು ಕರೆಯುವ ಈ ಸ್ಥಿತಿ ಎಚ್‌ಐವಿ, ಹೆಪಟೈಟಿಸ್ ಸಿ, ಕ್ಯಾನ್ಸರ್ ರೋಗಿಗಳಲ್ಲೂ ಇದೆಯೆಂದು ಮುಂದೆ ತಿಳಿಯಿತು. ಶತ್ರು ಮರೆಯಾದರೆ ನೆನಪು, ಸದಾ ಎದುರಿಗಿದ್ದರೆ ಬಳಲಿಕೆ. ಅಹ್ಮದ್ ಅವರ ಇಡೀ ಸಂಶೋಧನೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇದೇ.

5. ಸೋತದ್ದನ್ನು ಎಬ್ಬಿಸಬಹುದು, ಎಲ್ಲವನ್ನೂ ಅಲ್ಲ.

ಬಳಲಿದ ಕೋಶದಲ್ಲಿ ಯಾವ ಜೀನ್‌ಗಳು ಜೋರಾಗಿವೆ ಎಂದು ಹುಡುಕಿದಾಗ ಸಿಕ್ಕಿದ್ದು ಪಿಡಿ-1, ಅಂದರೆ ತಸುಕು ಹೊಂಜೊ ಅವರ ತಂಡ 1992ರಲ್ಲಿ ಕ್ಯೋಟೊದಲ್ಲಿ ಗುರುತಿಸಿದ್ದ ಪ್ರೋಟೀನು. ಡೇನಿಯಲ್ ಬಾರ್ಬರ್, ಅಹ್ಮದ್ ಮತ್ತು ಹಾರ್ವರ್ಡಿನ ಆರ್ಲೀನ್ ಶಾರ್ಪ್, ಗೋರ್ಡನ್ ಫ್ರೀಮನ್ 2006ರಲ್ಲಿ ಪ್ರತಿಕಾಯ ಕೊಟ್ಟು, ಪಿಡಿ-1 ಟಿ ಕೋಶಕ್ಕೆ ಹಾಕುವ ತಡೆಯನ್ನು ತೆಗೆದರು. ಟಿ ಕೋಶಗಳು ಮತ್ತೆ ಕೆಲಸಕ್ಕಿಳಿದವು, ವೈರಸ್ ಇಳಿಯಿತು. ಇಂದು ಆಸ್ಪತ್ರೆಗಳಲ್ಲಿ ಕೊಡುವ ಪಿಡಿ-1 ತಡೆಯುವ ಕ್ಯಾನ್ಸರ್ ಔಷಧಗಳು ಯಾವ ಕೋಶದ ಮೇಲೆ ಹೇಗೆ ಕೆಲಸ ಮಾಡುತ್ತವೆ ಎಂಬ ತಿಳಿವಳಿಕೆಯಲ್ಲಿ ಈ ಇಲಿಗಳ ಪಾಲು ದೊಡ್ಡದು.

‘ಎಲ್ಲವನ್ನೂ ಅಲ್ಲ’ ಎಂದದ್ದಕ್ಕೆ ಕಾರಣ 2016ರಲ್ಲಿ ಸಿಕ್ಕಿತು. ಔಷಧಕ್ಕೆ ಓಗೊಡುವುದು ಟಿಸಿಎಫ್-1 ಎಂಬ ಪ್ರೋಟೀನನ್ನು ಉಳಿಸಿಕೊಂಡ, ಕಾಂಡಕೋಶದ ಗುಣವಿರುವ ಒಂದು ಸಣ್ಣ ಗುಂಪು ಮಾತ್ರ. ಪೂರಾ ಬಳಲಿದವು ಏಳುವುದಿಲ್ಲ. ಅಹ್ಮದ್ ಅವರ ಬಳಿ ಪಳಗಿದ ಜಾನ್ ವೆರ್ರಿ ಅವರ ತಂಡ ಅದೇ ವರ್ಷ ಇನ್ನೊಂದು ಸಂಗತಿ ತೋರಿಸಿತು: ಎದ್ದ ಕೋಶಗಳೂ ನೆನಪಿನ ಕೋಶಗಳಾಗುವುದಿಲ್ಲ, ವೈರಸ್ ಹೊರೆ ಹಾಗೇ ಇದ್ದರೆ ಮತ್ತೆ ಬಳಲುತ್ತವೆ. ಈ ತೊಡಕಿಗೆ ಅಹ್ಮದ್ ತಂಡ 2022ರಲ್ಲಿ ಪ್ರಕಟಿಸಿದ ದಾರಿ, ಪಿಡಿ-1 ತಡೆಯ ಜೊತೆಗೆ ಇಂಟರ್‌ಲ್ಯೂಕಿನ್-2 ಎಂಬ, ಟಿ ಕೋಶಗಳನ್ನು ಬೆಳೆಸುವ ಸಂಕೇತ ಪ್ರೋಟೀನನ್ನು ಕೊಡುವುದು. ಆಗ ಅದೇ ಸಣ್ಣ ಗುಂಪಿನಿಂದ, ಬಳಲಿದ ಕೋಶಗಳ ಬದಲು, ತೀವ್ರ ಸೋಂಕಿನಲ್ಲಿ ಕಾಣುವ ಚುರುಕಾದ ಕೋಶಗಳನ್ನು ಹೋಲುವಂಥವು ಹುಟ್ಟಿಬಂದವು.